ಹೆಡ್‌ಫೋನಿಗೆ ಸೌಂಡ್ ಕಾರ್ಡ್ ಸೆಟ್ಟಿಂಗ್: ಗೇಮಿಗೂ ಹಾಡಿಗೂ ಒಂದೇ ಕಂಪ್ಯೂಟರಿನಲ್ಲಿ

ಕಳೆದ ಮಳೆಗಾಲದಲ್ಲಿ ಬ್ರಹ್ಮಾವರದ ಅಕ್ಕನ ಮನೆಗೆ ಹೋಗಿದ್ದಾಗ ಅಕ್ಕನ ಮಗ ಹೆಡ್‌ಸೆಟ್ ತಂದು ಕೈಗೆ ಕೊಟ್ಟ. "ಮಾವ, ಇದು ಹಾಳಾಗಿದೆ. ಎದುರಾಳಿ ಬಲಗಡೆಯಿಂದ ಬರ್ತಾನೆ, ಇದರಲ್ಲಿ ಹಿಂದಿನಿಂದ ಕೇಳ್ತದೆ. ಹೊಸತು ತಗೊಳ್ಬೇಕು." ವ್ಯಾಲರಂಟ್ ಅನ್ನುವ ಗುಂಡು ಹಾರಿಸುವ ಗೇಮ್ ಆಡುವ ಹುಡುಗ, ಕಿವಿ ಚುರುಕು. ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ, ಹೆಡ್‌ಸೆಟ್ ಸರಿಯಾಗಿಯೇ ಇತ್ತು. ಅವನ ಕಂಪ್ಯೂಟರಿನಲ್ಲಿ ಮೂರು ಕಡೆ ಸರೌಂಡ್, ಅಂದರೆ ಸದ್ದು ಸುತ್ತಲಿಂದ ಬಂದ ಹಾಗೆ ಕೇಳಿಸುವ ಸೌಲಭ್ಯ, ಆನ್ ಆಗಿತ್ತು. ರಿಯಲ್‌ಟೆಕ್ ಪ್ಯಾನೆಲ್‌ನಲ್ಲಿ ಒಂದು, ವಿಂಡೋಸ್‌ನಲ್ಲಿ ಒಂದು, ಗೇಮಿನ ಒಳಗೆ ಇನ್ನೊಂದು. ಎರಡನ್ನು ತೆಗೆದೆ. ಐದು ನಿಮಿಷ ಆಡಿದ, ಆಟದಿಂದ ಕಣ್ಣು ತೆಗೆಯದೆ "ಈಗ ಸರಿ ಆಯ್ತು" ಅಂದ.

ಅದೇ ಕಂಪ್ಯೂಟರಿನಲ್ಲಿ ರಾತ್ರಿ ಕೆಲಸ ಮುಗಿದ ಮೇಲೆ ಅಕ್ಕ ಯಕ್ಷಗಾನ ಕೇಳ್ತಾಳೆ. ಅವಳದ್ದೂ ಒಂದು ದೂರು ಇತ್ತು. ಚೆಂಡೆ ಪೆಟ್ಟು ತಗಡಿನ ಡಬ್ಬ ಬಡಿದ ಹಾಗೆ ಕೇಳ್ತದೆ, ಭಾಗವತರು ಪದ ಎತ್ತಿದ ಕೂಡಲೇ ಚೆಂಡೆ ಎಲ್ಲಿಯೋ ಅಡಗಿ ಹೋಗ್ತದೆ ಅಂತ. ಅದಕ್ಕೂ ಕಾರಣ ಒಂದು ಟಿಕ್ ಮಾರ್ಕ್. ಮಗ ಕಾಲ ಸಪ್ಪಳ ಚೆನ್ನಾಗಿ ಕೇಳಲಿ ಅಂತ ಆನ್ ಮಾಡಿಟ್ಟದ್ದು ಅಮ್ಮನ ಚೆಂಡೆಯನ್ನು ಚಪ್ಪಟೆ ಮಾಡಿತ್ತು.

ಶಬ್ದ ಫೈಲಿನಿಂದ ಹೊರಟು ಕಿವಿಗೆ ಬರುವಷ್ಟರಲ್ಲಿ ನಾಲ್ಕೈದು ಕಡೆ ನಿಲ್ಲುತ್ತದೆ. ಗೇಮ್ ಅಥವಾ ಪ್ಲೇಯರ್, ವಿಂಡೋಸ್, ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್), ಸೌಂಡ್ ಚಿಪ್, ಕೆಲವೊಮ್ಮೆ ಹೆಡ್‌ಸೆಟ್‌ನದ್ದೇ ಸಾಫ್ಟ್‌ವೇರ್. ಪ್ರತಿಯೊಂದೂ ತಾನು "ಚೆಂದ ಮಾಡ್ತೇನೆ" ಅಂತ ಕೈ ಹಾಕ್ತದೆ. ಹಾಗಾಗಿ ಈ ಬರಹದಲ್ಲಿ ಮಾಡುವುದೆಲ್ಲ ಹೆಚ್ಚು ಕಡಿಮೆ ಒಂದೇ: ಒಂದು ಕೆಲಸ ಒಂದೇ ಕಡೆ ಆಗಲಿ, ಉಳಿದ ಕಡೆ ಬಂದ್. ನಾನು ಇಲ್ಲಿ ವಿಂಡೋಸ್ 11 ಇಟ್ಟುಕೊಂಡು ಹೇಳ್ತೇನೆ. 10 ಇದ್ದವರಿಗೆ ಹೆಸರುಗಳು ಸ್ವಲ್ಪ ಆಚೀಚೆ ಆಗಬಹುದು, ಕೆಲಸ ಅದೇ.

ಮೊದಲು ವಯರು, ಜಾಕು

ಸೆಟ್ಟಿಂಗ್ ಮುಟ್ಟುವ ಮೊದಲು ಹೆಡ್‌ಫೋನ್ ಎಲ್ಲಿಗೆ ಸಿಕ್ಕಿಸಿದ್ದೀರಿ ನೋಡಿ. ಹೆಚ್ಚಿನವರ ಮನೆಯಲ್ಲಿ ಬೇರೆ ಸೌಂಡ್ ಕಾರ್ಡ್ ಇರುವುದಿಲ್ಲ, ಮದರ್‌ಬೋರ್ಡಿನಲ್ಲೇ ರಿಯಲ್‌ಟೆಕ್ ಚಿಪ್ ಇರುತ್ತದೆ. ಅದು ಸಾಕು. ಈಗಿನ ಚಿಪ್‌ಗಳು ಸಾಮಾನ್ಯ ಹೆಡ್‌ಫೋನಿಗೆ ಧಾರಾಳ ಸಾಕು. ಡೆಸ್ಕ್‌ಟಾಪ್ ಆದರೆ ಹಿಂದಿನ ಹಸಿರು ಜಾಕ್‌ಗೆ ಹಾಕಿ. ಗುಲಾಬಿ ಮೈಕ್‌ಗೆ, ನೀಲಿ ಲೈನ್ ಇನ್‌ಗೆ. ಎದುರಿನ ಜಾಕ್ ಕೈಗೆ ಹತ್ತಿರ ನಿಜ, ಆದರೆ ಅದರ ವಯರು ಕ್ಯಾಬಿನೆಟ್ ಒಳಗೆ ಗ್ರಾಫಿಕ್ಸ್ ಕಾರ್ಡಿನ ಪಕ್ಕದಿಂದಲೇ ಸುತ್ತಿ ಬರುತ್ತದೆ, ಹೆಚ್ಚಾಗಿ ಅದಕ್ಕೆ ಒಳ್ಳೆಯ ಶೀಲ್ಡ್ ಇರುವುದಿಲ್ಲ. ಮೌಸ್ ಎಳೆದಾಗ, ಪುಟ ಸ್ಕ್ರೋಲ್ ಮಾಡಿದಾಗ ಕಿವಿಯಲ್ಲಿ "ಕಿರ್ರ್" ಅಂತ ಸಣ್ಣ ಸದ್ದು ಬರ್ತದೆ ಅಂದರೆ ಇದೇ ತೊಂದರೆ. ಹಿಂದಿನ ಜಾಕಿಗೆ ಹಾಕಿದರೂ ಹೋಗದಿದ್ದರೆ ಸಣ್ಣ ಯುಎಸ್‌ಬಿ ಡಾಂಗಲ್ ಒಂದು ತಗೊಳ್ಳಿ. ಆಗ ಡಿಜಿಟಲ್‌ನಿಂದ ಅನಲಾಗ್ ಆಗುವ ಕೆಲಸ ಪೆಟ್ಟಿಗೆಯ ಹೊರಗೆ ಆಗುತ್ತದೆ, ಒಳಗಿನ ಗಲಾಟೆ ಬಹುತೇಕ ಒಳಗೇ ಉಳಿಯುತ್ತದೆ.

ಪ್ಲಗ್ ತುದಿ ನೋಡಿ. ಕಪ್ಪು ಗೆರೆ ಎರಡಿದ್ದರೆ ಬರೀ ಹೆಡ್‌ಫೋನ್, ಮೂರಿದ್ದರೆ ಮೈಕ್ ಕೂಡ ಉಂಟು. ಮೂರು ಗೆರೆಯದ್ದನ್ನು ಡೆಸ್ಕ್‌ಟಾಪಿನ ಹಸಿರು ಜಾಕಿಗೆ ನೇರ ಹಾಕಿದರೆ ಹಾಡು ಕೇಳಬಹುದು, ಮೈಕ್ ಕೆಲಸ ಮಾಡುವುದಿಲ್ಲ. ಒಂದರಿಂದ ಎರಡಾಗುವ ಸ್ಪ್ಲಿಟರ್ ಬೇಕು. ಮಂಗಳೂರಿನ ಹಂಪನಕಟ್ಟೆಯ ಯಾವ ಮೊಬೈಲ್ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ಕೊಡ್ತಾರೆ. ಆದರೆ ಹೆಡ್‌ಫೋನ್ ಮತ್ತು ಮೈಕ್ ಬೇರೆ ಮಾಡುವಂಥದ್ದು ಬೇಕು ಅಂತ ಬಿಡಿಸಿ ಹೇಳಿ. ಇಬ್ಬರು ಒಟ್ಟಿಗೆ ಹಾಡು ಕೇಳುವ ಸ್ಪ್ಲಿಟರ್ ನೋಡಲಿಕ್ಕೆ ಹಾಗೆಯೇ ಇರುತ್ತದೆ, ಅದರಿಂದ ಈ ಕೆಲಸ ಆಗುವುದಿಲ್ಲ.

ಇನ್ನೊಂದು ನಮ್ಮ ಕರಾವಳಿಯದ್ದೇ ತೊಂದರೆ. ಉಪ್ಪಿನ ಗಾಳಿ, ಆಟಿ ತಿಂಗಳ ಥಂಡಿ. ಕಾಪು, ಮಲ್ಪೆ, ಸುರತ್ಕಲ್ ಹತ್ತಿರ ಕಡಲ ಬದಿಯಲ್ಲಿ ಇರುವವರಿಗೆ ಇದು ಹೇಳಬೇಕಾಗಿಲ್ಲ. ಎರಡು ಮಳೆಗಾಲ ಕಳೆದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ, ಹೊಳಪು ಹೋಗಿ ಮಂಕು ಪದರ ಕೂತಿರುತ್ತದೆ, ಕೆಲವಕ್ಕೆ ಗೆರೆಯ ಬುಡದಲ್ಲಿ ಹಸಿರು ಕಿಲುಬು. ಪ್ಲಗ್ ತಿರುಗಿಸಿದರೆ ಕರಕರ ಅನ್ನುತ್ತದೆ, ಒಂದು ಕಿವಿ ಬಿಟ್ಟು ಬಿಟ್ಟು ಬರುತ್ತದೆ. ಜನ ಡ್ರೈವರ್ ಹತ್ತು ಸಲ ಹಾಕಿ ತೆಗೆದು ಸುಸ್ತಾಗ್ತಾರೆ. ಕಂಪ್ಯೂಟರ್ ಆಫ್ ಮಾಡಿ, ಮೆಡಿಕಲ್‌ನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ, ಹತ್ತಿ ಕಡ್ಡಿಗೆ ಸ್ವಲ್ಪವೇ ಅದ್ದಿ ಪ್ಲಗ್ ಒರೆಸಿ. ಪೂರ್ತಿ ಒಣಗಿದ ಮೇಲೆ ಜಾಕಿನೊಳಗೆ ಹಾಕಿ ಹತ್ತು ಹದಿನೈದು ಸಲ ಮೆಲ್ಲ ತಿರುಗಿಸಿ. ಬಹಳಷ್ಟು ಕಡೆ ಇಷ್ಟಕ್ಕೇ ಸರಿಯಾಗುತ್ತದೆ. ತೆಂಗಿನೆಣ್ಣೆ ಹಚ್ಚಬೇಡಿ ಮಾರಾಯ್ರೆ, ಹಚ್ಚಿದವರನ್ನು ನೋಡಿದ್ದೇನೆ. ಧೂಳು ಹಿಡಿದು ಇನ್ನೂ ಹಾಳಾಗುತ್ತದೆ.

ಕಿವಿಯಲ್ಲಿ "ಗುಂ" ಅಂತ ಒಂದೇ ಸಮ ಸದ್ದು ಇದ್ದರೆ ಅದು ಬೇರೆ ಕಥೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಕೇಳಿ. ಸದ್ದು ನಿಂತರೆ ಕರೆಂಟಿನ ದಾರಿಯಲ್ಲಿ ತೊಂದರೆ ಉಂಟು. ಹಳೆಯ ಹಂಚಿನ ಮನೆಗಳಲ್ಲಿ ಪ್ಲಗ್ ಪಾಯಿಂಟಿಗೆ ಮೂರು ತೂತು ಇದ್ದರೂ ಅರ್ಥಿಂಗ್ ವಯರೇ ಬಂದಿರುವುದಿಲ್ಲ, ಡೆಸ್ಕ್‌ಟಾಪ್ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಹಾಗೆ ಆದರೆ ಹಾಡಿನ ಮಾತು ಬದಿಗಿಟ್ಟು ಮೊದಲು ಇಲೆಕ್ಟ್ರಿಷಿಯನ್ ಕರೆಸಿ. ಸದ್ದು ಹೋಗಲಿ ಅಂತ ದಪ್ಪ ಪಿನ್ ಕತ್ತರಿಸುವ ಕೆಲಸ ಮಾತ್ರ ಮಾಡಬೇಡಿ, ಅದು ಜೀವಕ್ಕೇ ಅಪಾಯ. ಹಾಗೆಯೇ ಮಳೆಗಾಲ ಶುರುವಾಗುವ ಮೊದಲು ಮತ್ತು ದೀಪಾವಳಿ ಆಸುಪಾಸಿನ ಸಂಜೆಗಳಲ್ಲಿ ನಮ್ಮಲ್ಲಿ ಗುಡುಗು ಸಿಡಿಲು ಜೋರು. ಆ ಹೊತ್ತಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಎಳೆದಿಡಿ, ಹೆಡ್‌ಫೋನ್ ಕಿವಿಯಿಂದ ತೆಗೆಯಿರಿ.

ವಿಂಡೋಸ್ ಒಳಗೆ ಗುಡಿಸುವ ಕೆಲಸ

ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಎಂ, ಎಂ, ಎಸ್, ವೈ, ಎಸ್, ಡಾಟ್, ಸಿ, ಪಿ, ಎಲ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಹಳೆಯ ಸೌಂಡ್ ಕಿಟಕಿ ತೆರೆಯುತ್ತದೆ. ಹೊಸ ಸೆಟ್ಟಿಂಗ್ಸ್ ಪುಟದಲ್ಲಿ ಐದು ಸಲ ಕ್ಲಿಕ್ ಮಾಡಿ ಹುಡುಕಬೇಕಾದದ್ದು ಇಲ್ಲಿ ಒಂದೇ ಕಡೆ ಸಿಗುತ್ತದೆ. ನಾನು ಯಾರ ಕಂಪ್ಯೂಟರ್ ನೋಡಿದರೂ ಮೊದಲು ಇಲ್ಲಿಗೇ ಹೋಗುವುದು.

ಪ್ಲೇಬ್ಯಾಕ್ ಪಟ್ಟಿಯಲ್ಲಿ ಎಷ್ಟೋ ಹೆಸರುಗಳಿರುತ್ತವೆ. ಮಾನಿಟರ್, ಡಿಜಿಟಲ್ ಔಟ್‌ಪುಟ್, ಯಾವಾಗಲೋ ಜೋಡಿಸಿದ್ದ ಬ್ಲೂಟೂತ್ ಸ್ಪೀಕರ್. ಬಳಸದೇ ಇರುವುದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ಡಿಲೀಟ್ ಆಗುವುದಿಲ್ಲ, ಬೇಕಾದಾಗ ಮತ್ತೆ ಎಬ್ಬಿಸಬಹುದು. ನಿಮ್ಮ ಹೆಡ್‌ಫೋನ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಆ್ಯಸ್ ಡೀಫಾಲ್ಟ್ ಡಿವೈಸ್ ಕೊಡಿ. ಅಲ್ಲೇ ಇನ್ನೊಂದು ಡೀಫಾಲ್ಟ್ ಕಮ್ಯುನಿಕೇಷನ್ ಡಿವೈಸ್ ಅಂತಲೂ ಉಂಟು, ಮಾತಾಡುವ ಆ್ಯಪ್‌ಗಳು ಹುಡುಕುವುದು ಅದನ್ನು. ಇವೆರಡು ಬೇರೆ ಬೇರೆ ಕಡೆ ಇದ್ದರೆ ಗೇಮ್ ಸದ್ದು ಕಿವಿಯಲ್ಲಿ, ಗೆಳೆಯನ ಮಾತು ಮಾನಿಟರ್‌ನಲ್ಲಿ ಬರುತ್ತದೆ.

ಆಮೇಲೆ ಕೊನೆಯ ಟ್ಯಾಬ್, ಕಮ್ಯುನಿಕೇಷನ್ಸ್. ಇದನ್ನು ಯಾರೂ ತೆರೆದು ನೋಡುವುದಿಲ್ಲ. ಯಾರಾದರೂ ಕಾಲ್ ಮಾಡಿದರೆ ಉಳಿದ ಸದ್ದನ್ನು 80% ಇಳಿಸು ಅಂತ ಅಲ್ಲಿ ಮೊದಲೇ ಹಾಕಿರುತ್ತದೆ. ಆಟದ ನಡುವೆ ಗೆಳೆಯ ವಾಯ್ಸ್ ಚಾಟ್‌ಗೆ ಬಂದ ಕೂಡಲೇ ಗೇಮಿನ ಸದ್ದು ಸಣ್ಣ ಆಗುವುದು ಇದರಿಂದಲೇ ಆಗಿರಬಹುದು. ಡೂ ನಥಿಂಗ್ ಅಂತ ಇಡಿ. ಆಡುವಾಗ ಮಾತಾಡಲಿಕ್ಕೆ ಬಳಸುವ ಡಿಸ್ಕಾರ್ಡ್ ಆ್ಯಪ್ ಒಳಗೂ ಅಟೆನ್ಯುಯೇಷನ್ ಅಂತ ಇದೇ ಕೆಲಸದ ಗುಂಡಿ ಉಂಟು, ಅದನ್ನೂ ಸೊನ್ನೆಗೆ ತನ್ನಿ.

ಈಗ ಫಾರ್ಮ್ಯಾಟ್. ಹೆಡ್‌ಫೋನ್ ಮೇಲೆ ಡಬಲ್ ಕ್ಲಿಕ್ ಮಾಡಿ, ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋಗಿ. 16 ಬಿಟ್ 44100 ಹರ್ಟ್ಸ್‌ನಿಂದ 24 ಬಿಟ್ 192000 ಹರ್ಟ್ಸ್‌ವರೆಗೆ ಪಟ್ಟಿ ಇರುತ್ತದೆ. ಎಲ್ಲರಿಗೂ ಕೊನೆಯದ್ದನ್ನೇ ಆರಿಸಬೇಕು ಅನಿಸ್ತದೆ, ಅಲ್ವಾ? ದೊಡ್ಡ ಸಂಖ್ಯೆ, ದೊಡ್ಡ ಕ್ವಾಲಿಟಿ ಅಂತ. ಆದರೆ ಈ ಸಂಖ್ಯೆ ಹೇಳುವುದು ಒಂದು ಸೆಕೆಂಡಿಗೆ ಶಬ್ದವನ್ನು ಎಷ್ಟು ಸಲ ಅಳೆದು ಬರೆದುಕೊಳ್ತಾರೆ ಅನ್ನುವುದನ್ನು. ಅಳೆದ ಸಂಖ್ಯೆಯ ಅರ್ಧದಷ್ಟು ಎತ್ತರದ ಸ್ವರದವರೆಗೆ ಪೂರ್ತಿಯಾಗಿ ಹಿಡಿಯಬಹುದು. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20000 ಹರ್ಟ್ಸ್‌ವರೆಗೆ, ವಯಸ್ಸಾದ ಹಾಗೆ ಅದೂ ಕಡಿಮೆ. 1982ರಲ್ಲಿ ಸಿಡಿ ಬಂದಾಗ 44100 ಅಂತ ಇಟ್ಟದ್ದು ಈ ಲೆಕ್ಕ ನೋಡಿಯೇ. 192000 ಇಟ್ಟರೆ ಬಾವಲಿಗೆ ಕೇಳುವಷ್ಟು ಎತ್ತರದ ಸ್ವರಕ್ಕೆ ಜಾಗ ಆಗುತ್ತದೆ, ನಿಮ್ಮ ಹಾಡಿನ ಫೈಲಿನಲ್ಲಿ ಅದು ಇಲ್ಲವೇ ಇಲ್ಲ.

ವಿಂಡೋಸ್‌ನಲ್ಲಿ ಗೇಮ್, ಬ್ರೌಸರ್, ಮೆಸೇಜಿನ ಟಿಂಗ್ ಸದ್ದು ಎಲ್ಲವೂ ಒಂದೇ ಪಾತ್ರೆಗೆ ಬೀಳುತ್ತವೆ. ಪಾತ್ರೆಯ ಅಳತೆ ನೀವು ಇಲ್ಲಿ ಆರಿಸಿದ ಸಂಖ್ಯೆ. ಬೇರೆ ಅಳತೆಯಲ್ಲಿ ಬಂದದ್ದನ್ನೆಲ್ಲ ವಿಂಡೋಸ್ ಆ ಅಳತೆಗೆ ಬದಲಿಸುತ್ತದೆ. ಹೆಚ್ಚಿನ ಗೇಮ್‌ಗಳು, ವಿಡಿಯೋಗಳು 48000ದಲ್ಲಿ ಇರುತ್ತವೆ. ಹಾಗಾಗಿ 24 ಬಿಟ್ 48000 ಇಟ್ಟು ಬಿಟ್ಟುಬಿಡಿ. 24 ಬಿಟ್ ಯಾಕೆ ಅಂದರೆ ವಿಂಡೋಸ್‌ನಲ್ಲಿ ವಾಲ್ಯೂಮ್ ಇಳಿಸಿದಾಗ, ಈಕ್ವಲೈಜರ್ (ತಗ್ಗು, ನಡು, ಎತ್ತರದ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಹಾಕಿದಾಗ ಲೆಕ್ಕಕ್ಕೆ ಸ್ವಲ್ಪ ಜಾಗ ಇರಲಿ ಅಂತ. 16 ಬಿಟ್‌ನಲ್ಲಿ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ, 24ರಲ್ಲಿ ಲೆಕ್ಕದಲ್ಲಿ 144. ಆಟದ ನಡುವೆ ಚಟ್ ಚಟ್ ಅಂತ ಒಡೆಯುವವರು 192000 ಇಟ್ಟಿದ್ದರೆ ಮೊದಲು ಇಳಿಸಿ ನೋಡಿ.

ಎನ್‌ಹಾನ್ಸ್‌ಮೆಂಟ್ಸ್ ಟ್ಯಾಬ್. ಬಾಸ್ ಬೂಸ್ಟ್, ವರ್ಚುವಲ್ ಸರೌಂಡ್, ರೂಮ್ ಕರೆಕ್ಷನ್, ಲೌಡ್‌ನೆಸ್ ಈಕ್ವಲೈಸೇಷನ್, ಎಲ್ಲದರ ಟಿಕ್ ತೆಗೆಯಿರಿ. ಈ ಟ್ಯಾಬ್ ಕಾಣದಿದ್ದರೆ ಹೊಸ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಸೌಂಡ್, ನಿಮ್ಮ ಹೆಡ್‌ಫೋನ್ ಹೆಸರು ಒತ್ತಿದರೆ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಸಿಗುತ್ತದೆ. ರಿಯಲ್‌ಟೆಕ್ ಆಡಿಯೋ ಕನ್ಸೋಲ್ ಇದ್ದರೆ ಅದರೊಳಗೂ ಹೋಗಿ ಈಕ್ವಲೈಜರ್, ಎನ್ವಿರಾನ್‌ಮೆಂಟ್ ಎರಡನ್ನೂ "ನನ್", ಅಂದರೆ ಯಾವುದೂ ಬೇಡ, ಅಂತ ಇಡಿ. ಬಾತ್‌ರೂಮ್, ಸಭಾಂಗಣ ಅಂತ ಎಲ್ಲ ಇರುತ್ತವೆ ಅಲ್ಲಿ, ಮಕ್ಕಳು ಒತ್ತಿ ಹೋಗಿರ್ತಾರೆ.

ಈ ಲೌಡ್‌ನೆಸ್ ಈಕ್ವಲೈಸೇಷನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಗೇಮ್ ಆಡುವವರಿಗೆ ಇದು ಇಷ್ಟ. ಸಣ್ಣ ಸದ್ದನ್ನು ಎತ್ತುತ್ತದೆ, ದೊಡ್ಡ ಸದ್ದನ್ನು ತಗ್ಗಿಸುತ್ತದೆ. ಹಾಗಾಗಿ ದೂರದ ಹೆಜ್ಜೆ ಕೇಳುತ್ತದೆ, ಬಾಂಬ್ ಕಿವಿ ಒಡೆಯುವುದಿಲ್ಲ. ಆದರೆ ಹೆಜ್ಜೆ ಹತ್ತಿರವೋ ದೂರವೋ ಅಂತ ನಾವು ಅಳೆಯುವುದೇ ಸದ್ದಿನ ದೊಡ್ಡತನದಿಂದ ತಾನೇ? ಎಲ್ಲವೂ ಒಂದೇ ಮಟ್ಟಕ್ಕೆ ಬಂದರೆ ಹತ್ತು ಮೀಟರ್ ಆಚೆಯವನೂ ಗೋಡೆ ಆಚೆಯವನೂ ಒಂದೇ ಹಾಗೆ ಕೇಳ್ತಾರೆ. ಇನ್ನು ಚೆಂಡೆಯ ಜೀವ ಇರುವುದು ಮೊದಲ ಪೆಟ್ಟಿನಲ್ಲಿ. ಕೋಲು ಚರ್ಮಕ್ಕೆ ತಾಗಿದ ಆ ಕ್ಷಣದ ಚೂಪು, ಅದರ ಹಿಂದೆ ಬರುವ ಸಣ್ಣ ಗುಂಯ್ ಅನ್ನುವ ಉಳಿಕೆ. ಇದು ಚೂಪನ್ನು ಒತ್ತಿ ಹಿಡಿದು ಉಳಿಕೆಯನ್ನು ಎತ್ತಿಬಿಡುತ್ತದೆ. ಅಕ್ಕನಿಗೆ ಡಬ್ಬದ ಹಾಗೆ ಕೇಳಿದ್ದು ಅದಕ್ಕೇ. ಮಲಗಿದವರಿಗೆ ತೊಂದರೆ ಆಗದ ಹಾಗೆ ರಾತ್ರಿ ಸಣ್ಣ ಸ್ವರದಲ್ಲಿ ಸಿನಿಮಾ ನೋಡಲಿಕ್ಕೆ ಇದು ಒಳ್ಳೆಯದು. ಉಳಿದ ಹೊತ್ತು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಗೇಮಿಗೆ: ದಿಕ್ಕು ಗೊತ್ತಾಗಬೇಕು

ಮನೆಯೊಳಗೆ ಕೂತಿರುವಾಗ ಹಿತ್ತಲಲ್ಲಿ ತೆಂಗಿನಕಾಯಿ ಬಿದ್ದರೆ ಯಾವ ಮರದ ಬುಡದಲ್ಲಿ ಬಿತ್ತು ಅಂತ ನೋಡದೆಯೇ ಹೇಳ್ತೇವೆ. ಎರಡೇ ಕಿವಿ, ಆದರೂ ಹಿಂದೆ ಮುಂದೆ ಮೇಲೆ ಕೆಳಗೆ ಗೊತ್ತಾಗುತ್ತದೆ. ಬಲಗಡೆಯ ಸದ್ದು ಬಲಕಿವಿಗೆ ಒಂದು ಚೂರು ಮೊದಲು ಮುಟ್ಟುತ್ತದೆ. ಆ ಚೂರು ಅಂದರೆ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಒಂದಂಶಕ್ಕಿಂತಲೂ ಕಡಿಮೆ, 0.7 ಮಿಲಿಸೆಕೆಂಡಿನ ಆಸುಪಾಸು. ಎಡಕಿವಿಗೆ ತಲೆ ಅಡ್ಡ ಬಂದು ಸದ್ದು ಸ್ವಲ್ಪ ಮಂಕಾಗುತ್ತದೆ. ಹಿಂದೆಯೋ ಮುಂದೆಯೋ ಅನ್ನುವುದನ್ನು ಕಿವಿಯ ಹಾಳೆಯ ಮಡಿಕೆಗಳು ಸ್ವರದ ಬಣ್ಣ ಬದಲಿಸಿ ತಿಳಿಸುತ್ತವೆ. ಹೆಡ್‌ಫೋನ್ ಹಾಕಿದರೆ ಇದ್ಯಾವುದೂ ತಾನಾಗಿ ಆಗುವುದಿಲ್ಲ, ಸದ್ದು ನೇರ ಕಿವಿಯೊಳಗೆ. ಅದಕ್ಕೆ ಗೇಮ್ ತಾನೇ ಲೆಕ್ಕ ಹಾಕಿ ಆ ತಡ, ಆ ಮಂಕು, ಆ ಬಣ್ಣ ಎಲ್ಲ ಸೇರಿಸಿ ಕಳಿಸುತ್ತದೆ. ಇದಕ್ಕೆ ಎಚ್‌ಆರ್‌ಟಿಎಫ್ ಅಂತ ಹೆಸರು.

ಈಗ ಅಕ್ಕನ ಮಗನ ತೊಂದರೆ ಅರ್ಥ ಆಗಬಹುದು. ಗೇಮ್ ಒಂದು ಸಲ ತಲೆಯ ಲೆಕ್ಕ ಹಾಕಿತು. ಅದನ್ನು ವಿಂಡೋಸ್‌ನದ್ದೇ ಸರೌಂಡ್ ಆದ ವಿಂಡೋಸ್ ಸೋನಿಕ್ ತೆಗೆದುಕೊಂಡು ಇನ್ನೊಂದು ತಲೆಯ ಲೆಕ್ಕ ಹಾಕಿತು. ರಿಯಲ್‌ಟೆಕ್ ಮೂರನೇ ತಲೆಯದ್ದು. ಮೂರು ಸಲ ಸೋಸಿದ ಚಹಾದ ಹಾಗೆ ಕೊನೆಗೆ ದಿಕ್ಕೇ ಉಳಿಯಲಿಲ್ಲ.

ಮಾಡಬೇಕಾದ್ದು ಹೀಗೆ. ಮೊದಲು ಗೇಮಿನ ಆಡಿಯೋ ಸೆಟ್ಟಿಂಗ್‌ಗೆ ಹೋಗಿ ಎಚ್‌ಆರ್‌ಟಿಎಫ್ ಅಥವಾ ಹೆಡ್‌ಫೋನಿಗಾಗಿ ತ್ರೀಡಿ ಆಡಿಯೋ ಅಂತ ಉಂಟಾ ನೋಡಿ. ವ್ಯಾಲರಂಟ್‌ನಲ್ಲಿ ಉಂಟು. ಇದ್ದರೆ ಅದನ್ನೇ ಆನ್ ಮಾಡಿ, ಯಾಕೆಂದರೆ ಎದುರಾಳಿ ನಿಂತ ಜಾಗ ಸರಿಯಾಗಿ ಗೊತ್ತಿರುವುದು ಗೇಮಿಗೆ ಮಾತ್ರ. ಆಮೇಲೆ ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ (ಸೋನಿಕ್ ಇರುವುದು ಅದರಲ್ಲೇ) ಆಫ್. ಹೆಡ್‌ಸೆಟ್ ಜೊತೆ ಬಂದ ಸಾಫ್ಟ್‌ವೇರ್‌ನ 7.1, ಅಂದರೆ ಎಂಟು ಸ್ಪೀಕರ್‌ನ ಸರೌಂಡ್, ಆಫ್. ಸ್ಪೀಕರ್ ಕಾನ್ಫಿಗರೇಷನ್ ಸ್ಟೀರಿಯೋ. ಡಬ್ಬದ ಮೇಲೆ 7.1 ಅಂತ ದೊಡ್ಡದಾಗಿ ಬರೆದ ಹೆಚ್ಚಿನ ಹೆಡ್‌ಸೆಟ್‌ಗಳ ಒಳಗೂ ಇರುವುದು ಎರಡೇ ಸ್ಪೀಕರ್, ಉಳಿದದ್ದೆಲ್ಲ ಸಾಫ್ಟ್‌ವೇರ್ ಲೆಕ್ಕ.

ಗೇಮಿನೊಳಗೆ ಅಂಥದ್ದು ಇಲ್ಲ, 5.1 ಅಥವಾ 7.1 ಮಾತ್ರ ಉಂಟು ಅಂತಾದರೆ ಆಗ ವಿಂಡೋಸ್ ಸೋನಿಕ್ ಬೇಕಾಗುತ್ತದೆ. ಇದು ಉಚಿತ. ಡಾಲ್ಬಿ ಆಟ್ಮಾಸ್, ಡಿಟಿಎಸ್ ಹೆಡ್‌ಫೋನ್ ಎಕ್ಸ್ ದುಡ್ಡು ಕೊಟ್ಟು ತಗೊಳ್ಳಬೇಕಾದವು. ಪ್ರಯೋಗಕ್ಕೆ ಸಿಕ್ಕರೆ ಕೇಳಿ ನೋಡಿ ತಗೊಳ್ಳಿ, ಸುಮ್ನೆ ಬೇರೆಯವರು ಹೇಳಿದರು ಅಂತ ಬೇಡ. ಈ ಲೆಕ್ಕಗಳೆಲ್ಲ ಸರಾಸರಿ ತಲೆ, ಸರಾಸರಿ ಕಿವಿ ಹಿಡಿದು ಮಾಡಿದವು. ನಿಮ್ಮ ಕಿವಿ ಆ ಅಳತೆಯದ್ದಲ್ಲದಿದ್ದರೆ ಹಿಂದಿನದ್ದು ಮುಂದೆ ಕೇಳಬಹುದು. ಎರಡು ಮೂರು ದಿನ ಒಂದೇ ಸೆಟ್ಟಿಂಗ್‌ನಲ್ಲಿ ಆಡಿದರೆ ಮೆದುಳು ಒಗ್ಗಿಕೊಳ್ಳುತ್ತದೆ, ದಿನಕ್ಕೊಂದು ಬದಲಿಸಿದರೆ ಯಾವುದಕ್ಕೂ ಒಗ್ಗುವುದಿಲ್ಲ.

ಪರೀಕ್ಷೆ ಮಾಡುವ ಕ್ರಮ: ಅಭ್ಯಾಸದ ಮ್ಯಾಪ್‌ನಲ್ಲಿ ಗೆಳೆಯನನ್ನು ನಿಮ್ಮ ಸುತ್ತ ಮೆಲ್ಲ ಓಡಲಿಕ್ಕೆ ಹೇಳಿ. ನೀವು ಕಣ್ಣು ಮುಚ್ಚಿ. ಹೆಜ್ಜೆ ಬಂದ ಕಡೆ ಮೌಸ್ ತಿರುಗಿಸಿ ಕಣ್ಣು ಬಿಡಿ. ಹತ್ತು ಸಲ ಮಾಡಿ ಲೆಕ್ಕ ಇಡಿ. ಎಡ ಬಲ ತಪ್ಪುವುದು ಅಪರೂಪ, ಹಿಂದೆ ಮುಂದೆ ಎಷ್ಟು ಸಲ ತಪ್ಪಿದಿರಿ ಅನ್ನುವುದೇ ಮುಖ್ಯ. ಸೆಟ್ಟಿಂಗ್ ಬದಲಿಸಿ ಮತ್ತೆ ಹತ್ತು ಸಲ. ಅರ್ಧ ಗಂಟೆಯ ಕೆಲಸ, ಆದರೆ ನಿಮ್ಮ ಕಿವಿಗೆ ಯಾವುದು ಸರಿ ಅಂತ ಪಕ್ಕಾ ಗೊತ್ತಾಗುತ್ತದೆ. ಎಡ ಬಲವೇ ತಪ್ಪಿದರೆ ಹೆಡ್‌ಫೋನ್ ಉಲ್ಟಾ ಹಾಕಿದ್ದೀರಾ ನೋಡಿ, ಎಲ್ ಮತ್ತು ಆರ್ ಅಕ್ಷರ ಹಳೆಯದರಲ್ಲಿ ಅಳಿಸಿ ಹೋಗಿರುತ್ತದೆ.

ಬೇರೆ ಸೌಂಡ್ ಕಾರ್ಡ್ ಹಾಕಿಸಿಕೊಂಡ ಹಳಬರಿಗೆ ಒಂದು ಮಾತು. 2005ರಲ್ಲಿ ಕ್ರಿಯೇಟಿವ್‌ನವರ ಎಕ್ಸ್-ಫೈ ಕಾರ್ಡ್ ಬಂದಾಗ ಅದರಲ್ಲಿ ಗೇಮಿಗೆ ಒಂದು, ಮನರಂಜನೆಗೆ ಒಂದು, ಆಡಿಯೋ ಕೆಲಸಕ್ಕೆ ಒಂದು ಅಂತ ಮೂರು ಮೋಡ್ ಇದ್ದವು. ಆಗ ಗೇಮಿನ ತ್ರೀಡಿ ಶಬ್ದದ ಲೆಕ್ಕವನ್ನೆಲ್ಲ ಕಾರ್ಡೇ ಮಾಡುತ್ತಿತ್ತು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದು ಆ ದಾರಿ ಮುಚ್ಚಿತು, ಶಬ್ದದ ಲೆಕ್ಕ ಪ್ರೊಸೆಸರ್‌ಗೆ ಹೋಯಿತು. ಹಾಗಾಗಿ ಈಗ ಗೇಮಿಗೋಸ್ಕರ ಅಂತಲೇ ಒಳಗೆ ಹಾಕುವ ಕಾರ್ಡ್ ತಗೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಗೇಮಿಗೆ ಬೇರೆ, ಹಾಡಿಗೆ ಬೇರೆ ಅನ್ನುವ ಆ ಆಲೋಚನೆ ಮಾತ್ರ ಇವತ್ತಿಗೂ ಸರಿ.

ಹಾಡಿಗೆ: ಕೈ ಹಾಕುವವರು ಕಡಿಮೆ ಇರಲಿ

ಹಾಡು ಕೇಳುವಾಗ ಸ್ಪೇಷಿಯಲ್ ಸೌಂಡ್ ಬೇಡವೇ ಬೇಡ. ಸ್ಟೀರಿಯೋದಲ್ಲಿ ಮಾಡಿದ ರೆಕಾರ್ಡಿಂಗ್ ಸ್ಟೀರಿಯೋದಲ್ಲೇ ಬರಲಿ.

ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಫೈಲ್‌ಗಳನ್ನು ಕೇಳುವವರು ಫೂಬಾರ್2000 ಅನ್ನುವ ಪ್ಲೇಯರ್ ಹಾಕಿಕೊಳ್ಳಿ, ಉಚಿತ. ಅದರ ಔಟ್‌ಪುಟ್ ಪಟ್ಟಿಯಲ್ಲಿ ನಿಮ್ಮ ಹೆಡ್‌ಫೋನ್ ಹೆಸರಿನ ಜೊತೆ ಎಕ್ಸ್‌ಕ್ಲೂಸಿವ್ ಅಂತ ಬರೆದದ್ದನ್ನು ಆರಿಸಿ. ಆಗ ಪ್ಲೇಯರ್ ವಿಂಡೋಸ್‌ನ ಪಾತ್ರೆಯನ್ನು ದಾಟಿ ನೇರ ಡ್ರೈವರ್‌ಗೆ ಕೊಡುತ್ತದೆ. ಸಿಡಿಯ 44100 ಹಾಗೆಯೇ ಹೋಗುತ್ತದೆ, ಅಳತೆ ಬದಲಾಗುವುದಿಲ್ಲ. ಆ ಹೊತ್ತಿಗೆ ಬೇರೆ ಯಾವ ಸದ್ದೂ ಆ ಹೆಡ್‌ಫೋನಿನಲ್ಲಿ ಬರುವುದಿಲ್ಲ, ವಾಟ್ಸ್ಆ್ಯಪ್ ಟಿಂಗ್ ಕೂಡ. ನನಗೆ ಇದೇ ದೊಡ್ಡ ಲಾಭ ಅನಿಸುತ್ತದೆ. ನಿಜ ಹೇಳಬೇಕು ಅಂದರೆ ಈಗಿನ ವಿಂಡೋಸ್ 44100ನ್ನು 48000ಕ್ಕೆ ಬದಲಿಸಿದರೂ ಕಿವಿಗೆ ವ್ಯತ್ಯಾಸ ಗೊತ್ತಾಗುವುದು ಬಹಳ ಕಷ್ಟ. ಯೂಟ್ಯೂಬ್‌ನಲ್ಲಿ ಕೇಳುವವರು ಇದರ ಗೊಡವೆಗೆ ಹೋಗಬೇಡಿ.

ಕಿವಿಗೆ ಖಂಡಿತ ಗೊತ್ತಾಗುವುದು ಈಕ್ವಲೈಜರ್. ಕಡಿಮೆ ಬೆಲೆಯ ಗೇಮಿಂಗ್ ಹೆಡ್‌ಸೆಟ್‌ಗಳಲ್ಲಿ ಬಾಸ್ ಎತ್ತಿರ್ತಾರೆ, ಬಾಂಬ್ ಸದ್ದು ಗುಡುಗಬೇಕು ಅಂತ. ಹಾಡಿಗೆ ಅದು ಮಂಜಿನ ಹಾಗೆ ಕವಿಯುತ್ತದೆ. ಈಕ್ವಲೈಜರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ಹಾಕುವಾಗ ಯಾವ ಡಿವೈಸ್‌ಗೆ ಅಂತ ಕೇಳುತ್ತದೆ, ನಿಮ್ಮ ಹೆಡ್‌ಫೋನ್‌ಗೆ ಮಾತ್ರ ಟಿಕ್ ಹಾಕಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಗುಂಡಿ ಎಳೆದು ಮಾಡುವ ಸುಲಭದ ಮುಖ ಬೇಕಾದರೆ ಪೀಸ್ ಅನ್ನುವುದನ್ನು ಅದರ ಮೇಲೆ ಹಾಕಿಕೊಳ್ಳಬಹುದು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ವಿಂಡೋಸ್‌ನಲ್ಲಿ ಡಿಸೇಬಲ್ ಆಲ್ ಎನ್‌ಹಾನ್ಸ್‌ಮೆಂಟ್ಸ್ ಅಂತ ಟಿಕ್ ಹಾಕಿದರೆ ಈಕ್ವಲೈಜರ್ ಎಪಿಒ ಕೂಡ ನಿಂತು ಹೋಗುತ್ತದೆ, ಅದು ಕೂತಿರುವುದು ಅದೇ ಜಾಗದಲ್ಲಿ. ಹಾಗಾಗಿ ಇದನ್ನು ಬಳಸುವವರು ಆ ಒಂದು ಟಿಕ್ ಹಾಕದೆ, ನಾನು ಮೊದಲೇ ಹೇಳಿದ ಹಾಗೆ ಬಾಸ್ ಬೂಸ್ಟ್ ಮೊದಲಾದವನ್ನು ಒಂದೊಂದಾಗಿ ತೆಗೆಯಬೇಕು. ಎರಡು, ಎಕ್ಸ್‌ಕ್ಲೂಸಿವ್ ದಾರಿಯಲ್ಲಿ ಕೇಳಿದರೆ ಇದು ಕೆಲಸ ಮಾಡುವುದಿಲ್ಲ, ದಾರಿಯೇ ಬೇರೆ. ಎರಡರಲ್ಲಿ ಒಂದನ್ನು ಆರಿಸಿ. ಹೆಡ್‌ಫೋನಿನ ಸ್ವರ ನಿಮಗೆ ಇಷ್ಟ ಇಲ್ಲದಿದ್ದರೆ ಕಣ್ಣು ಮುಚ್ಚಿ ಈಕ್ವಲೈಜರ್ ಆರಿಸಿ.

ಹೊಂದಿಸುವಾಗ ಎತ್ತುವುದಕ್ಕಿಂತ ತಗ್ಗಿಸುವುದು ಒಳ್ಳೆಯದು. ಬಾಸ್ ಜಾಸ್ತಿ ಅನಿಸಿದರೆ 100ರಿಂದ 200 ಹರ್ಟ್ಸ್ ನಡುವೆ 3, 4 ಡೆಸಿಬಲ್ ಇಳಿಸಿ ಕೇಳಿ, ಭಾಗವತರ ಸ್ವರ ಪರದೆ ಸರಿಸಿದ ಹಾಗೆ ಮುಂದೆ ಬರುತ್ತದೆ. ಎಲ್ಲಿಯಾದರೂ ಎತ್ತಲೇಬೇಕಾದರೆ ಎಷ್ಟು ಎತ್ತಿದಿರೋ ಅಷ್ಟೇ ಪ್ರೀಆ್ಯಂಪ್‌ನಲ್ಲಿ (ಒಟ್ಟು ಸದ್ದಿನ ಗುಂಡಿ) ಇಳಿಸಿ. 6 ಎತ್ತಿದರೆ ಪ್ರೀಆ್ಯಂಪ್ ಮೈನಸ್ 6. ಇಲ್ಲದಿದ್ದರೆ ದೊಡ್ಡ ಪೆಟ್ಟುಗಳ ತುದಿ ಕತ್ತರಿಸಿ ಹೋಗಿ ಒಡೆದ ಸ್ವರ ಬರುತ್ತದೆ.

ಕೇಳಿ ನೋಡಲಿಕ್ಕೆ ನಾನು ಇಟ್ಟುಕೊಂಡದ್ದು ಎರಡು. ಒಂದು, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್. ಮಂಗಳೂರಿನವರ ಕಿವಿಗೆ ಆ ಸ್ವರ ಪರಿಚಯ, ಹಾಗಾಗಿ ಸ್ವಲ್ಪ ತಪ್ಪಿದರೂ ಗೊತ್ತಾಗುತ್ತದೆ. ಗಮಕದಲ್ಲಿ ಸ್ವರ ಜಾರುವಾಗ ಮಧ್ಯೆ ಒಂದು ಕಡೆ ಮಾತ್ರ ಸದ್ದು ಉಬ್ಬಿದರೆ ನಿಮ್ಮ ಈಕ್ವಲೈಜರ್‌ನಲ್ಲಿ ಆ ಜಾಗದಲ್ಲಿ ಗುಡ್ಡ ಎದ್ದಿದೆ ಅಂತ ಅರ್ಥ. ಇನ್ನೊಂದು, ಹೊಸ ಕಾಲದ ಒಳ್ಳೆಯ ಯಕ್ಷಗಾನ ರೆಕಾರ್ಡಿಂಗ್. ತಾಳದ ಕಂಚಿನ ನಾದ ಎತ್ತರದ ಸ್ವರಕ್ಕೆ, ಭಾಗವತರು ನಡುವಿಗೆ, ಮದ್ದಳೆಯ ಎಡಭಾಗ ತಗ್ಗಿಗೆ. ಮೂರೂ ಒಂದರ ಮೇಲೊಂದು ಬೀಳದೆ ಬೇರೆ ಬೇರೆ ಕೇಳಬೇಕು. ತಾಳ ಕಿವಿಗೆ ಚುಚ್ಚಿದರೆ 6000ದಿಂದ 9000 ಹರ್ಟ್ಸ್ ನಡುವೆ ಸ್ವಲ್ಪ ಇಳಿಸಿ. ಭಾಗವತ ಕಾಳಿಂಗ ನಾವಡರ ಕಾಲದ ಕ್ಯಾಸೆಟ್‌ಗಳಿಂದ ಇಳಿಸಿದ್ದನ್ನು ಕೇಳುವಾಗ ಮಾತ್ರ ಏನೂ ಹೊಂದಿಸಲಿಕ್ಕೆ ಹೋಗಬೇಡಿ. ಎತ್ತರದ ಸ್ವರ ಆ ಟೇಪಿನಲ್ಲೇ ಕಡಿಮೆ, ಎತ್ತಿದರೆ ಬರುವುದು ಬರೀ ಸುಯ್ ಅನ್ನುವ ಸದ್ದು. ಅವರ ಏರು ಕಂಠ ಆ ಮಂಕು ಟೇಪನ್ನು ದಾಟಿಕೊಂಡೇ ಬರುತ್ತದೆ.

ಹೆಡ್‌ಫೋನಿನ ಓಮ್, ಅಂದರೆ ಕರೆಂಟಿಗೆ ಅದು ಕೊಡುವ ತಡೆ, ಎಷ್ಟು ಅಂತಲೂ ಒಮ್ಮೆ ನೋಡಿ. 16, 32 ಓಮ್‌ನವು ಯಾವ ಜಾಕಿನಲ್ಲೂ ಜೋರಾಗಿ ಹಾಡ್ತವೆ. 250, 300 ಓಮ್‌ನ ಸ್ಟುಡಿಯೋ ಹೆಡ್‌ಫೋನ್ ತಗೊಂಡರೆ ಸ್ವರ ಸಣ್ಣ ಆಗಬಹುದು, ಆಗ ಆ್ಯಂಪ್ ಬೇಕು. ರಿಯಲ್‌ಟೆಕ್ ಕನ್ಸೋಲ್‌ನಲ್ಲಿ ಹೆಡ್‌ಫೋನ್ ಅಂತ ಆರಿಸಿದ್ದೀರಾ, ಲೈನ್ ಔಟ್ ಅಂತ ಉಳಿದಿದೆಯಾ ಅನ್ನುವುದನ್ನು ಆ್ಯಂಪ್‌ಗೆ ದುಡ್ಡು ಹಾಕುವ ಮೊದಲು ನೋಡಿ.

ಬ್ಲೂಟೂತ್, ಮೈಕು

ಹೆಚ್ಚಿನ ಬ್ಲೂಟೂತ್ ಹೆಡ್‌ಸೆಟ್‌ಗಳಲ್ಲಿ ಮೈಕ್ ಆನ್ ಆದ ಕೂಡಲೇ ಹಾಡು ಹಳೆಯ ಟೆಲಿಫೋನಿನ ಹಾಗೆ ಆಗುತ್ತದೆ. ಕೇಳುವ ದಾರಿ ಬೇರೆ, ಮಾತಾಡುವ ದಾರಿ ಬೇರೆ, ಎರಡನೆಯದ್ದರಲ್ಲಿ ಸ್ಟೀರಿಯೋ ಇಲ್ಲ. ಉಪಾಯ ಸುಲಭ. ಮಾತಿಗೆ ಲ್ಯಾಪ್‌ಟಾಪಿನ ಮೈಕ್ ಆರಿಸಿ, ಬ್ಲೂಟೂತ್ ಕೇಳಲಿಕ್ಕೆ ಮಾತ್ರ ಇರಲಿ. ಆದರೆ ಗುಂಡು ಹಾರಿಸುವ ಆಟಕ್ಕೆ ಬ್ಲೂಟೂತ್ ಬೇಡ, ಸದ್ದು ತಡವಾಗಿ ಬರುತ್ತದೆ. ವಯರು ಬೇಡ ಅನ್ನುವವರು 2.4 ಗಿಗಾಹರ್ಟ್ಸ್ ಡಾಂಗಲ್ ಇರುವ ಹೆಡ್‌ಸೆಟ್ ನೋಡಿ.

ನಮ್ಮ ಸೆಕೆಗೆ ಫ್ಯಾನ್ ನಿಲ್ಲಿಸಿ ಆಡಲಿಕ್ಕೆ ಆಗುವುದಿಲ್ಲ, ಆ ಸದ್ದೆಲ್ಲ ಮೈಕಿನಲ್ಲಿ ಹೋಗುತ್ತದೆ. ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಮೈಕ್ ಬೂಸ್ಟ್ 30 ಡೆಸಿಬಲ್ ಇದ್ದರೆ 10ಕ್ಕೆ ತನ್ನಿ, ಮೈಕನ್ನು ಬಾಯಿಯ ಬದಿಗೆ ಎರಡು ಬೆರಳು ದೂರದಲ್ಲಿ ಇಡಿ. ಸದ್ದು ತೆಗೆಯುವ ಸೌಲಭ್ಯ ಡಿಸ್ಕಾರ್ಡ್‌ನದ್ದಾದರೆ ಡಿಸ್ಕಾರ್ಡ್‌ನದ್ದು ಮಾತ್ರ, ರಿಯಲ್‌ಟೆಕ್‌ನದ್ದು ಬಂದ್. ಎರಡೂ ಇದ್ದರೆ ಮಾತಿನ ಮೊದಲ ಅಕ್ಷರ ನುಂಗಿ ಹೋಗುತ್ತದೆ.

ವಾಲ್ಯೂಮ್

ವಿಂಡೋಸ್ ವಾಲ್ಯೂಮ್ ಮೊದಲು 20ಕ್ಕೆ ತನ್ನಿ, ಆಮೇಲೆ ಹೆಡ್‌ಫೋನ್ ಹಾಕಿಕೊಳ್ಳಿ, ಆಮೇಲೆ ಮೆಲ್ಲ ಏರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ ಮಾತ್ರ. ಹತ್ತು ಡೆಸಿಬಲ್‌ಗೆ ಅಷ್ಟು ವ್ಯತ್ಯಾಸ. ಮಣಿಪಾಲದ ಹಾಸ್ಟೆಲ್ ಕೋಣೆಗಳಲ್ಲಿ ರಾತ್ರಿ ಎರಡು ಗಂಟೆವರೆಗೆ ಆಡುವ ಮಕ್ಕಳು ವಾರದ ಆ 4 ಗಂಟೆಯನ್ನು ಒಂದೇ ರಾತ್ರಿ ಮುಗಿಸ್ತಾರೆ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ ನಾಳೆ ಆಟ ಬೇಡ, ಕಿವಿಗೆ ರಜೆ ಕೊಡಿ. ಹೆಜ್ಜೆ ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸುವ ಬದಲು ಗೇಮಿನೊಳಗೆ ಹಿನ್ನೆಲೆ ಸಂಗೀತ ಸೊನ್ನೆ ಮಾಡಿ, ಹೆಜ್ಜೆ ತಾನಾಗಿ ಮೇಲೆ ಬರುತ್ತದೆ.

ಗೇಮಿನಿಂದ ಹಾಡಿಗೆ, ಹಾಡಿನಿಂದ ಗೇಮಿಗೆ ಬದಲಿಸಲು ವಿಂಡೋಸ್ 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್, ವಿ ಮೂರೂ ಒಟ್ಟಿಗೆ ಒತ್ತಿ. ಯಾವ ಹೆಡ್‌ಫೋನ್, ಸ್ಪೇಷಿಯಲ್ ಸೌಂಡ್ ಬೇಕಾ ಬೇಡವಾ ಅನ್ನುವುದೆಲ್ಲ ಒಂದೇ ಕಡೆ ಬರುತ್ತದೆ. ಅಕ್ಕನ ಮನೆಯಲ್ಲಿ ಇನ್ನೂ ಸುಲಭ ಮಾಡಿಟ್ಟೆ. ಮಗನ ಹೆಡ್‌ಸೆಟ್ ಯುಎಸ್‌ಬಿ ಡಾಂಗಲ್‌ನಲ್ಲಿ, ಅಕ್ಕನ ಹೆಡ್‌ಫೋನ್ ಹಿಂದಿನ ಹಸಿರು ಜಾಕಿನಲ್ಲಿ, ಈಕ್ವಲೈಜರ್ ಅವಳದ್ದಕ್ಕೆ ಮಾತ್ರ. ವಿಂಡೋಸ್‌ಗೆ ಇವು ಎರಡು ಬೇರೆ ಬೇರೆ ಡಿವೈಸ್, ಒಬ್ಬರ ಸೆಟ್ಟಿಂಗ್ ಇನ್ನೊಬ್ಬರಿಗೆ ತಾಗುವುದಿಲ್ಲ.

ಎಲ್ಲ ಸರಿಯಾದ ಮೇಲೆ ಪ್ರತಿ ಕಿಟಕಿಯದ್ದೂ ಫೋನಿನಲ್ಲಿ ಒಂದೊಂದು ಫೋಟೋ ತೆಗೆದಿಡಿ. ದೊಡ್ಡ ಅಪ್‌ಡೇಟ್ ಬಂದು ಡ್ರೈವರ್ ಬದಲಾದರೆ ಎನ್‌ಹಾನ್ಸ್‌ಮೆಂಟ್ ಟಿಕ್‌ಗಳು ಮತ್ತೆ ಬಂದು ಕೂತಿರುತ್ತವೆ, ಈಕ್ವಲೈಜರ್ ಎಪಿಒ ಆ ಡಿವೈಸ್‌ನಿಂದ ಕಳಚಿ ಹೋಗಿರುತ್ತದೆ. ಹೋದ ತಿಂಗಳು ಅಕ್ಕ ಫೋನ್ ಮಾಡಿದಳು, "ಚೆಂಡೆ ಪುನಃ ಡಬ್ಬ ಆಗಿದೆ ಮಾರಾಯ" ಅಂತ. ಫೋಟೋ ನೋಡಿಕೊಂಡು ಅವಳೇ ಎರಡು ಟಿಕ್ ತೆಗೆದಳು, ನಾನು ಬ್ರಹ್ಮಾವರಕ್ಕೆ ಹೋಗಬೇಕಾಗಲಿಲ್ಲ.